ಮುಕ್ಕಾಲು ಟೆಂಪೋ ಭಂಗಾರ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ವಸ್ತುವನ್ನೂ ಹೊಗಳದೆ ಕೈಬಿಡುವುದು ನನಗೆ ಬರುವುದಿಲ್ಲ. ಮೂವತ್ತೈದು ವರ್ಷ ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟಾವೆಲ್ಲು ಮಾರಿದವನು ನಾನು. ಅಜ್ಜ ನಾಗಣಸೂರಿನ ಕಡೆ ಕುರಿ ಕಾದು ಕಂಬಳಿ ನೇಯ್ದ. ಅಪ್ಪ ಆ ಕಂಬಳಿಗಳನ್ನು ತಲೆಯ ಮೇಲೆ ಹೊತ್ತು ಸೊಲ್ಲಾಪುರಕ್ಕೆ ತಂದು, ಮಾರುತ್ತ ಮಾರುತ್ತ ಒಂದು ಅಂಗಡಿ ಹಾಕಿದ. ನಾನು ಆ ಅಂಗಡಿಯಲ್ಲಿ ಕೂತು ಮಾತು ಕಲಿತೆ. ಗಿರಾಕಿಯ ಮುಂದೆ ಚಾದರ ಕೊಡವಿ ಹರಡಿ, “ಕೈಯಾಗ ಹಿಡದ್ ನೋಡ್ರಿ, ವಜನ್ ಎಷ್ಟದ ನೋಡ್ರಿ!” ಎನ್ನದ ದಿನ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಚಾದರಕ್ಕೆ ವಜನ್ನೇ, ತೂಕವೇ, ಮರ್ಯಾದೆ. ಹೆಂಡತಿ ಹೇಳುವ ಪ್ರಕಾರ ನಮ್ಮ ಮನೆಗೆ ಕಳ್ಳ ಬಂದರೂ ನಾನು ಅವನೆದುರು ತಿಜೋರಿಯ ಗುಣಗಾನ ಮಾಡಿ, ಬೇಕಾದರೆ ಎತ್ತಿ ನೋಡು ಎಂದು ಹೇಳುವವನೇ. ಈ ಚಟ ಗಿರಾಕಿಯ ಮುಂದೆ ಅನ್ನ ಕೊಡುತ್ತದೆ. ಹಳೆಯ ಸಾಮಾನು ಒಯ್ಯುವ ಭಂಗಾರದವನ ಮುಂದೆ ಏನು ಮಾಡುತ್ತದೆ ಎಂಬುದು ಹೋದ ಚಳಿಗಾಲದಲ್ಲಿ ತಿಳಿಯಿತು.

ಹೆಂಡತಿ ಮಹಾನಂದಾಳ ಶೇಂಗಾ ಚಟ್ನಿ ಮತ್ತು ಕಡಕ್ ರೊಟ್ಟಿಗೆ ನಮ್ಮ ಗಲ್ಲಿಯಲ್ಲಿ ಒಳ್ಳೆಯ ಹೆಸರಿದೆ. ಮೊದಲು ಬೀಗರು ಪುಕ್ಕಟೆ ಒಯ್ಯುತ್ತಿದ್ದರು. ಆಮೇಲೆ ಬೀಗರ ಬೀಗರು ದುಡ್ಡು ಕೊಟ್ಟು ಒಯ್ಯತೊಡಗಿದರು. ಕೊನೆಗೆ ಪುಣೆಯ ಅಂಗಡಿಯೊಂದರಿಂದ ಫೋನು ಬಂತು. ತಿಂಗಳಿಗೆ ನೂರು ಕಿಲೋ ಚಟ್ನಿ ಬೇಕು, ಆದರೆ ಅದನ್ನು ಕುಟ್ಟಲು ಬೇರೆಯೇ ಒಂದು ಖೋಲಿ ಇರಬೇಕು, ಬರುವ ಗುರುವಾರ ನಮ್ಮ ಮ್ಯಾಡಮ್ ಬಂದು ನೋಡುತ್ತಾರೆ, ಸರಿಬಿದ್ದರೆ ಆರ್ಡರು ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ. ನಮ್ಮ ಮನೆಯ ಹಿಂದೆ ಅಂಥದೊಂದು ಖೋಲಿ ಇತ್ತು. ಇತ್ತು ಎಂದು ನಂಬಿಕೆಯ ಮೇಲೆ ಹೇಳುತ್ತಿದ್ದೇನೆ, ಯಾಕೆಂದರೆ ಅದರ ನೆಲವನ್ನು ನಾವು ಯಾರೂ ಹತ್ತು ವರ್ಷದಿಂದ ಕಂಡಿರಲಿಲ್ಲ.

ಮಹಾನಂದಾ ಅಂದು ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಎದುರು ಬಂದು ನಿಂತಳು. “ಮೂವತ್ತು ವರ್ಷ ಆತು, ಈ ಮನ್ಯಾಗ ನಂದು ಅಂತ ಒಂದು ಮೊಳ ಜಾಗಾ ಕೇಳಿಲ್ಲ. ಈಗ ಕೇಳಾಕತ್ತೀನಿ. ಗುರುವಾರದೊಳಗ ಆ ಖೋಲಿ ಖಾಲಿ ಆಗ್ಬೇಕು. ಆಗಲಿಲ್ಲಂದ್ರ ಆ ಪುಣೆ ಮ್ಯಾಡಮ್ ಮುಂದ ನಿಮ್ಮನ್ನ ನಿಂದರಸ್ತೀನಿ, ಯಾಕ ಆಗಲಿಲ್ಲ ಅಂತ ನೀವ ಹೇಳ್ರಿ” ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆಕೆ ಸಿಟ್ಟಿನಲ್ಲಿ ಹೇಳಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಆದರೆ ಹೇಳುವಾಗ ಆಕೆಯ ದನಿ ಸ್ವಲ್ಪ ನಡುಗಿತು. “ನೀ ಭಂಡಾರಕವಠೆಗೆ ಹೋಗಿ ಶೇಂಗಾ ತಗೊಂಡ್ ಬಾ. ಬರೂದ್ರೊಳಗ ಖೋಲಿ ನಿನ್ನ ಹೆಸರಿಗೆ” ಎಂದು ಎದೆ ತಟ್ಟಿಕೊಂಡು ಹೇಳಿದೆ. ಆಕೆ ತವರಿಗೆ ಹೋದಳು. ನಾನು ಖೋಲಿಯ ಬಾಗಿಲು ನೂಕಿದೆ, ಅದು ಅರ್ಧ ತೆರೆದು ಅಲ್ಲಿಗೇ ನಿಂತಿತು.

ಒಳಗೆ ಏನಿತ್ತು ಎಂದು ಕೇಳಬೇಡಿ. ಹತ್ತಿ ಗಂಟುಗಟ್ಟಿದ ಐದು ಗಾದಿಗಳು. ಒಡೆದ ಸಿಮೆಂಟಿನ ನೀರಿನ ಟಾಕಿ. ನಮ್ಮ ಮದುವೆಯ ಕಾಲದ ಪ್ಲೈವುಡ್ಡಿನ ಶೋಕೇಸು. ಅದರ ಗಾಜು ಒಡೆದು ಹೋದ ಮೇಲೆ ಅದರಲ್ಲಿ ಹಳೆಯ ಚಪ್ಪಲಿಗಳನ್ನು ಇಟ್ಟಿದ್ದೆವು. ತಿರುಗದ ಮೂರು ಫ್ಯಾನು. ಮೂಲೆಯಲ್ಲಿ ಬಾಯಿ ಹೊಲಿದ ಒಂದು ದೊಡ್ಡ ಗೋಣಿಚೀಲ. ಇಷ್ಟೆಲ್ಲದರ ಹಿಂದೆ, ಗೋಡೆಗೆ ಹತ್ತಿ, ನಮ್ಮ ಅಂಗಡಿಯ ಬೆಂಚು. ಅಂಗಡಿಯನ್ನು ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಅವನು ಗಾಜಿನ ಕೌಂಟರು ತಂದ ದಿನ ಬೆಂಚನ್ನು ನಮ್ಮ ಮನೆಗೆ ಅಟ್ಟಿದ್ದ. ಅಪ್ಪ ಗಿರಾಕಿಗಳನ್ನು ಕೂಡ್ರಿಸುತ್ತಿದ್ದುದು ಅದರ ಮೇಲೆಯೇ. ಎಂಟು ವರ್ಷದವನಿದ್ದಾಗ ನಾನು ಅದರ ಕೆಳಗೆ ಮಲಗಿ ಕತ್ತರಿಯ ಮೊನೆಯಿಂದ ನನ್ನ ಹೆಸರು ಕೊರೆದಿದ್ದೆ. ಅಪ್ಪ ಕಂಡುಹಿಡಿದು ಕಪಾಳಕ್ಕೆ ಕೊಟ್ಟು, ಆಮೇಲೆ ತಾನೇ ಬಗ್ಗಿ ನೋಡಿ, “ಅಕ್ಷರ ಮಾತ್ರ ಚಂದ ಬಿದ್ದಾವ” ಎಂದಿದ್ದ. ಅಪ್ಪ ಹೊಗಳಿದ್ದು ಅದೊಂದೇ ಸಲ. ಅದಕ್ಕೇ ಆ ಬೆಂಚು ನನಗೆ ಬೇಕು.

ಮೊದಲು ಗಲ್ಲಿಯಲ್ಲಿ ಸೈಕಲ್ಲಿನ ಮೇಲೆ ಬರುವ ಭಂಗಾರದವನನ್ನು ಕರೆದೆ. ಹಳೆಯ ಸಾಮಾನನ್ನು ನಮ್ಮ ಕಡೆ ಭಂಗಾರವೆನ್ನುತ್ತಾರೆ. ಅವನು ಒಳಗೆ ಇಣುಕಿ, ಮೂರು ಫ್ಯಾನು ಎತ್ತಿಕೊಂಡು, ನೂರೈವತ್ತು ರೂಪಾಯಿ ನನ್ನ ಕೈಗಿಟ್ಟು, “ಉಳದದ್ದು ಭಂಗಾರ ಅಲ್ರೀ ಸೇಠ, ಅದು ಕಸ” ಎಂದು ಹೊರಟೇಹೋದ. ನನಗೆ ಅವಮಾನವಾದಂತಾಯಿತು. ಕಸಕ್ಕೆ ಯಾರನ್ನು ಕರೆಯಬೇಕು ಎಂದು ವಿಚಾರಿಸಿದಾಗ ಸಿಕ್ಕವನೇ ಸಮೀರ. ಹೋಟಗಿಯವನು. ಅವನ ಅಪ್ಪನನ್ನು ನಾನು ಬಲ್ಲೆ, ಹಿಂದೆ ನಮ್ಮ ಗಲ್ಲಿಗೇ ತಕ್ಕಡಿ ಹಿಡಿದು ಬರುತ್ತಿದ್ದ. ಅಪ್ಪ ನಮಗೆ ದುಡ್ಡು ಕೊಟ್ಟು ಸಾಮಾನು ಒಯ್ಯುತ್ತಿದ್ದ, ಮಗ ನಮ್ಮಿಂದ ದುಡ್ಡು ಇಸಿದುಕೊಂಡು ಸಾಮಾನು ಒಯ್ಯುತ್ತಾನೆ. ಒಂದೇ ತಲೆಮಾರಿನಲ್ಲಿ ಇಷ್ಟು ಮುಂದೆ ಬಂದ ಮನೆತನವನ್ನು ನಾನು ಬೇರೆ ಕಂಡಿಲ್ಲ.

ಸಮೀರ ಬಂದವನು ಪೆನ್ನು, ಪಾವತಿ ಪುಸ್ತಕ ಹಿಡಿದು ಡಾಕ್ಟರರ ಹಾಗೆ ಖೋಲಿಯ ಸುತ್ತ ನೋಡಿದ. “ಅರ್ಧ ಟೆಂಪೋ ಆಗ್ತದ್ರಿ ಕಾಕಾ. ಎರಡು ಸಾವಿರ” ಎಂದ. ಸಾಮಾನನ್ನು ತೂಗುವುದಿಲ್ಲ, ಟೆಂಪೋದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಮೇಲೆ ರೇಟು, ಭಾರದ್ದಿದ್ದರೆ, ಒಡೆಯಬೇಕಾದರೆ, ಹೆಚ್ಚು ಆಳು ಬೇಕಾದರೆ ಅದರ ಮೇಲೆ ಬೇರೆ ಎಂದು ತಾಳ್ಮೆಯಿಂದ ತಿಳಿಸಿದ. ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ. ಎದುರಿಗೊಬ್ಬ ಮನುಷ್ಯ ನಿಂತಿದ್ದಾನೆ, ನಡುವೆ ಸಾಮಾನಿದೆ, ರೇಟಿನ ಮಾತು ನಡೆದಿದೆ. ಅಷ್ಟೇ ಸಾಕಾಯಿತು, ನನ್ನ ಮೂವತ್ತೈದು ವರ್ಷದ ಬಾಯಿ ತಾನಾಗಿಯೇ ತೆರೆಯಿತು.

“ಎರಡು ಸಾವಿರಾ? ಏ ತಮ್ಮಾ, ಸಾಮಾನ ಕಣ್ಣಾರೆ ನೋಡಿದಿ ಏನ? ಈ ಗಾದಿ ನೋಡು. ಈಗಿನ ಹಂಗ ಸ್ಪಂಜ್ ಅಲ್ಲ, ಅಸಲಿ ಹತ್ತಿ. ಒಂದೊಂದು ಹದಿನೈದು ಕಿಲೋ ಅದ, ಎತ್ತಿ ನೋಡು ಬೇಕಾದ್ರ!”

ಸಮೀರ ಎತ್ತಿ ನೋಡಿದ. “ಹೌದಲ್ರಿ ಕಾಕಾ” ಎಂದು ಬರೆದುಕೊಂಡ. “ಗಾದಿಗೆ ಮುನ್ನೂರು ಜಾಸ್ತಿ.”

ಬರೆದುಕೊಂಡದ್ದನ್ನು ನೋಡಿ ನನಗೆ ಹುರುಪು ಬಂತು. ಗಿರಾಕಿ ಬರೆದುಕೊಳ್ಳತೊಡಗಿದನೆಂದರೆ ಮಾಲು ಮನಸ್ಸಿಗೆ ಬಂದಿದೆ ಎಂದೇ ನಾನು ಕಲಿತದ್ದು. ಟಾಕಿಯ ಮೇಲೆ ಕೈಯಿಂದ ಬಡಿದೆ. “ಈ ಟಾಕಿ ಕೇಳು, ಸಪ್ಪಳ ಕೇಳು. ಈಗಿನ ಸಿಮೆಂಟಿನಾಗ ಈ ಸಪ್ಪಳ ಬರ್ತದೇನ? ತರೂಮುಂದ ಆರು ಮಂದಿ ಹೊತ್ತಿದ್ರು. ಆರೂ ಮಂದಿ ಎರಡು ದಿನ ಸೊಂಟ ಹಿಡಕೊಂಡು ಮಲಗಿದ್ರು!” ಅವನು ಗಂಭೀರವಾಗಿ ತಲೆಯಾಡಿಸಿ ಐದು ನೂರು ಬರೆದ. ಶೋಕೇಸಿನ ಹತ್ತಿರ ಬಂದಾಗಂತೂ ನಾನು ಪೂರ್ತಿ ಅಂಗಡಿಯಲ್ಲೇ ಇದ್ದೆ. “ಇದನ್ನ ಒಡದ್ ತೋರಸು ನೀನು. ಕೊಡ್ಲಿ ಹಾಕಿದ್ರೂ ಒಡಿಯಂಗಿಲ್ಲ. ಅಂಥಾ ಪ್ಲೈವುಡ್!” “ಒಡೀಲಾರದ ಬಾಗಿಲದಾಗ ಹೋಗಂಗಿಲ್ಲಲ್ರೀ ಕಾಕಾ” ಎಂದು ಒಡೆಯುವ ಕೂಲಿ ನಾನೂರು ಬರೆದ. ಕೂಡಿಸಿದರೆ ಮೂರು ಸಾವಿರದ ಇನ್ನೂರಾಯಿತು. ಆಗ ಅವನು ಪುಸ್ತಕ ನನ್ನ ಕಡೆ ತಿರುಗಿಸಿ, “ಇಷ್ಟು ನೀವು ಕೊಡೂದು” ಎಂದ. ನಾನು ಒಂದು ಕ್ಷಣ ಪೂರ್ತಿ ಖುಷಿಯಲ್ಲಿದ್ದೆ. ಎರಡು ಸಾವಿರದ ಮಾಲನ್ನು ಮೂರು ಸಾವಿರದ ಇನ್ನೂರಕ್ಕೆ ಏರಿಸಿದ್ದೆ. ‘ನೀವು ಕೊಡೂದು’ ಎಂಬುದು ಆಮೇಲೆ ಅರ್ಥವಾಯಿತು.

ಅರ್ಥವಾದ ಮೇಲೆ ಅವನ ಕಾಲಿಗೆ ಬೀಳುವುದೊಂದೇ ಬಾಕಿ. ಆದರೆ ಹೊಗಳಿದ ಮಾಲನ್ನು ಅದೇ ಬಾಯಿಯಿಂದ ತೆಗಳುವುದು ಪೇಟೆಯ ಮರ್ಯಾದೆಯಲ್ಲ. ಕೊನೆಗೆ ಸಮೀರನೇ, “ಲೋಖಂಡ, ಸ್ಟೀಲ್ ಏನರೆ ಇದ್ರ ಕೊಡ್ರಿ, ಕಡಿಮಿ ಮಾಡ್ತೀನಿ” ಎಂದ. ನನ್ನ ಕಣ್ಣು ಮೂಲೆಯ ಗೋಣಿಚೀಲದ ಮೇಲೆ ಬಿತ್ತು. ಅಲ್ಲಾಡಿಸಿದರೆ ಸ್ಟೀಲಿನ ಸಪ್ಪಳ. ನಮ್ಮ ಮದುವೆಯಲ್ಲಿ ಬೀಗರು ಆಹೇರು, ಅಂದರೆ ಉಡುಗೊರೆ, ಕೊಟ್ಟ ಪಾತ್ರೆಗಳು. ಒಂದೇ ಥರದ ಹತ್ತೊಂಬತ್ತು ತಂಬಿಗೆ, ಹದಿನಾಲ್ಕು ಡಬ್ಬಿ, ಲೆಕ್ಕವಿಲ್ಲದಷ್ಟು ತಾಟು, ವಾಟಿ. ಮೂವತ್ತು ವರ್ಷದಿಂದ ಚೀಲದ ಹೊಲಿಗೆ ಬಿಚ್ಚಿರಲಿಲ್ಲ. ಎಂಟು ನೂರು ಕಡಿಮೆ ಮಾಡಿದ. ಎರಡು ಸಾವಿರದ ನಾನೂರು ಎಣಿಸಿ ಕೊಟ್ಟೆ. ಮೂರು ಆಳುಗಳು ಒಂದು ಮಧ್ಯಾಹ್ನದಲ್ಲಿ ಖೋಲಿ ಖಾಲಿ ಮಾಡಿದರು, ಟೆಂಪೋ ಮುಕ್ಕಾಲು ತುಂಬಿತು. ಬೆಂಚನ್ನು ಮಾತ್ರ ಅವರ ಕಣ್ಣಿಗೆ ಬೀಳದ ಹಾಗೆ ಮೇಲೊಂದು ಚಾದರ ಹೊದಿಸಿ ಅದರ ಮೇಲೆ ನಾನೇ ಕೂತಿದ್ದೆ.

ಮಂಗಳವಾರ ಮಹಾನಂದಾ ಎರಡು ಚೀಲ ಶೇಂಗಾದೊಡನೆ ಬಂದಳು. ತೊಳೆದ ನೆಲದ ಫರಸಿ ಕಂಡು ಬಾಗಿಲಲ್ಲೇ ನಿಂತಳು. “ಅಯ್ಯ, ಇಲ್ಲಿ ಫರಸಿ ಹಸರು ಇತ್ತೇನ್ರಿ!” ಎಂದು ಬರಿಗಾಲಿನಲ್ಲಿ ಒಂದು ಸುತ್ತು ನಡೆದಾಡಿದಳು. ಬೆಂಚನ್ನು ನೋಡಿದಳು. “ಇದು?” “ಪುಣೆ ಬಾಯಿ ಬಂದ್ರ ಕೂಡಾಕ ಬ್ಯಾಡೇನು?” ಎಂದೆ. ಅಂದು ನನಗೆ ಎರಡು ಹೋಳಿಗೆ ಜಾಸ್ತಿ ಬಿದ್ದವು.

ಬುಧವಾರ ಹನ್ನೊಂದು ಗಂಟೆಗೆ ಗಲ್ಲಿಯ ಬಾಯಲ್ಲಿ ಟೆಂಪೋ ಹಾರ್ನು ಕೇಳಿಸಿತು. ನೋಡಿದರೆ ಸಮೀರನ ಟೆಂಪೋ. ಮುಂದಿನ ಸೀಟಿನಿಂದ ತಲೆಗೆ ಸುತ್ತಿದ ಹಳದಿ ಪಟಗ, ಹಣೆಯ ತುಂಬ ಭಂಡಾರದ ಅರಿಸಿನ, ಹೆಗಲ ಮೇಲೆ ಕಂಬಳಿಯೊಡನೆ ಇಳಿದವನು ನಮ್ಮ ಬಿರಪ್ಪ ಮಾಮಾ. ನಮ್ಮವ್ವನ ತಮ್ಮ, ನಾಗಣಸೂರಿನವನು, ಇವತ್ತಿಗೂ ಎಂಬತ್ತು ಕುರಿ ಇಟ್ಟುಕೊಂಡಿದ್ದಾನೆ. ಸಿಟ್ಟು ಬಂದರೆ ಮಾಮಾ ಕೂಗುವುದಿಲ್ಲ, ಮೀಸೆಯನ್ನು ಮಾತ್ರ ಒಂದೇ ಕಡೆಯಿಂದ ಸವರುತ್ತಾನೆ. ಈಗ ಸವರುತ್ತಿದ್ದ. ಇನ್ನೊಂದು ಕೈಯಲ್ಲಿ ಸ್ಟೀಲಿನ ತಂಬಿಗೆ ಇತ್ತು.

“ಓದು” ಎಂದು ನನ್ನ ಮುಖಕ್ಕೆ ಹಿಡಿದ.

ನಮ್ಮ ಕಡೆ ಆಹೇರಿನ ಪಾತ್ರೆಯನ್ನು ಹಾಗೇ ಕೊಡುವುದಿಲ್ಲ. ಪಾತ್ರೆ ಅಂಗಡಿಯಲ್ಲೇ ಸೂಜಿಯ ಮಷಿನ್ನಿನಿಂದ ಚುಕ್ಕೆ ಚುಕ್ಕೆಯಾಗಿ ಕೊಟ್ಟವರ ಹೆಸರು ಹಾಕಿಸುತ್ತಾರೆ. ನಾಳೆ ಯಾರು ಏನು ಕೊಟ್ಟರು ಎಂಬ ತಕರಾರು ಬರಬಾರದಲ್ಲ. ನಾನು ಓದಿದೆ. ‘ಬಿರಪ್ಪ ಮಾಳಪ್ಪ, ಮು. ಪೋ. ನಾಗಣಸೂರ, ಇವರಿಂದ ಪ್ರೀತಿಯ ಆಹೇರು.’ ಚೀಲ ಕೊಡುವಾಗ ನನಗೆ ಅದರಲ್ಲಿ ಸ್ಟೀಲಷ್ಟೇ ಕಂಡಿತ್ತು, ಹೆಸರು ನೆನಪಾಗಿರಲಿಲ್ಲ. ಅಷ್ಟೂ ಬೀಗರನ್ನು ಹೆಸರು, ಊರು ಸಮೇತ ಟೆಂಪೋ ಹತ್ತಿಸಿದ್ದೆ.

“ಅಕ್ಕಲಕೋಟಿಗೆ ಸಂತಿಗೆ ಹೋಗಿದ್ದೆ” ಎಂದ ಮಾಮಾ. “ಸ್ಟ್ಯಾಂಡಿನ ಬಾಜೂಕ ಹೋಟೆಲದಾಗ ಭಜಿ ತಿಂದು ನೀರ ಕುಡ್ಯಾಕ ತಂಬಗಿ ಎತ್ತಿದ್ರ ನನ್ನ ಹೆಸರ! ನನಗ ನಾನ ನೀರ ಹಾಕ್ಕೊಂಡೆ. ಮಾಲಕಗ ಕೇಳಿದ್ರ, ಕಿಲೋ ಲೆಕ್ಕದಾಗ ತಗೊಂಡೀನಿ ಅಂತಾನ. ಬಾಜೂಕ ಟೇಬಲ್ ಮ್ಯಾಲಿನ ತಂಬಗಿ ನೋಡಿದ್ರ ನಮ್ಮ ಕಾಕಾನ ಹೆಸರ. ಆಚೀಕ ಭಂಡಾರಕವಠಿ ಬೀಗರು. ಒಬ್ಬಾಂವ ಯಾರೋ ನಿಮ್ಮತ್ತಿ ವಾಟ್ಯಾಗ ಚಟ್ನಿ ಹಚಗೊಂಡು ತಿನ್ನಾಕತ್ತಿದ್ದ! ನಮ್ಮ ವಂಶ ಅಷ್ಟೂ ಹೋಟೆಲದಾಗ ಎಂಜಲಾ ಆಗೂದು ನೋಡ್ಕೋತ ನಾ ಭಜಿ ತಿನ್ಲೇನ?”

ಮಾಮಾ ಮಾಡಿದ್ದು ಇಷ್ಟು. ಅಲ್ಲೇ ಕಿಸೆಯಿಂದ ಹದಿಮೂರು ನೂರು ತೆಗೆದು ಅಷ್ಟೂ ಪಾತ್ರೆ ಬಿಡಿಸಿಕೊಂಡಿದ್ದ. ಹೋಟೆಲಿನವನು ಸಮೀರನಿಗೆ ಫೋನು ಹಚ್ಚಿಕೊಟ್ಟಿದ್ದ. ಸಮೀರ ಅಕ್ಕಲಕೋಟೆಗೆ ಹೋಗಿ ಮಾಮಾನನ್ನೂ ಪಾತ್ರೆಗಳನ್ನೂ ಹೇರಿಕೊಂಡು ಬಂದಿದ್ದ. “ಮಾಮಾ, ಆ ರೊಕ್ಕ ನಾ ಕೊಡ್ತೀನಿ” ಎಂದೆ. “ಹಾಕಿದ ಆಹೇರಕ್ಕ ರೊಕ್ಕ ತಗೊಳ್ಳೂ ಮಗಾ ಅಲ್ಲ ನಾ” ಎಂದು ಮಾಮಾ ಮೀಸೆಯ ಇನ್ನೊಂದು ಕಡೆ ಸವರಿದ. ಅಂದರೆ ಒಂದೇ ಮದುವೆಗೆ ಎರಡು ಸಲ ಆಹೇರು ಹಾಕಿದ ಹಾಗಾಯಿತು. ಎರಡನೆಯ ಆಹೇರಿಗೂ ಮರ್ಯಾದೆ ಆಗಬೇಕಲ್ಲ, ಟೋಪಿ, ಟಾವೆಲ್ಲು, ಒಂದು ದಪ್ಪ ಚಾದರ ಕೊಟ್ಟು ಕಾಲಿಗೆ ಬಿದ್ದೆ. ಚಾದರ ಕೊಡುವಾಗ “ವಜನ್ ನೋಡ್ರಿ” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಮೀರ ಹಿಂದಿನಿಂದ ಪಾವತಿ ಚಾಚಿದ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ, ಗಲ್ಲಿಯೊಳಗೆ ಹೊರುವ ಕೂಲಿ ಸೇರಿ, ಒಂಬೈನೂರು.

ಮಹಾನಂದಾ ಇಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಕೇಳಿದ್ದಳು. “ನನ್ನ ಲಗ್ನದ ಪಾತ್ರಿ ಕಸದಾಗ ಹಾಕಿದ್ರಿ?” ಎಂದಳು. ಈ ಸಲ ದನಿ ನಡುಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಆಮೇಲೆ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ, ಹೆಸರು ಓದಿ, ಖೋಲಿಯಲ್ಲಿ ಜೋಡಿಸತೊಡಗಿದಳು. ಬಿರಪ್ಪ ಮಾಮಾನ ಪಾತ್ರೆಗೆ ಕಡಲೆ, ಕಾಕಾನಿಗೆ ಬೆಳ್ಳುಳ್ಳಿ, ಅತ್ತೆಗೆ ಜೀರಿಗೆ, ಭಂಡಾರಕವಠೆಯ ಬೀಗರಿಗೆ ಖಾರದ ಪುಡಿ. “ಡಬ್ಬಿ ತಗೋಬೇಕಂತ ನಾಕು ಸಾವಿರ ತೆಗದಿಟ್ಟಿದ್ದೆ, ಉಳೀತು” ಎಂದಳು. ಮಾಮಾನ ಮುಖ ಅರಳಿತು. ಆದರೆ ಗೋಡೆಯ ಉದ್ದಕ್ಕೂ ಜೋಡಿಸುತ್ತ ಹೋದವಳು ಬೆಂಚಿನ ಹತ್ತಿರ ಬಂದು ನಿಂತಳು. ಇನ್ನೂ ಅರ್ಧ ಪಾತ್ರೆ ಉಳಿದಿದ್ದವು. “ನಾಳಿಗೆ ಆ ಬಾಯಿ ಬರ್ತಾಳ. ಈ ಬೆಂಚ್ ಇರ್ಬೇಕೋ ನಿಮ್ಮ ಬೀಗರು ಇರ್ಬೇಕೋ, ನೀವ ಹೇಳ್ರಿ.” ಮಾಮಾ ಮೀಸೆಗೆ ಕೈ ಹಾಕಿದ. ಬೀಗರು ಎಂದೆ.

ಟೆಂಪೋ ಬಾಗಿಲಲ್ಲೇ ಇತ್ತು. ಸಂಕಟವಾದದ್ದು ನಿಜ, ಆದರೆ ಈ ಸಲ ಮೋಸ ಹೋಗಬಾರದೆಂದು ನಿರ್ಧರಿಸಿದೆ. ರೇಟಿನ ಗುಟ್ಟು ಈಗ ನನಗೆ ತಿಳಿದಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತುವನ್ನು ತೆಗಳಲು ಬಾಯಿ ತೆರೆದೆ. “ಸಮೀರಾ, ಇದೇನ ಬಿಡು, ಹಳೀ ಕಟ್ಟಿಗಿ. ಒಳಗ ಗೆದ್ದಲ ತಿಂದು ಪೊಳ್ಳ ಆಗ್ಯದ. ಹೂವ ಎತ್ತಿದಂಗ ಎತ್ತಬಹುದು. ಇದರ ಮ್ಯಾಲ ಕೂತವ್ರು ಯಾರೂ ಉದ್ಧಾರ ಆಗಿಲ್ಲ.” ಹೇಳುತ್ತ ಹೇಳುತ್ತ ಅಪ್ಪನ ಮುಖ ಕಣ್ಣೆದುರು ಬಂತು, ಆದರೂ ನಿಲ್ಲಿಸಲಿಲ್ಲ. ಸಮೀರ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ, “ನಾಕು ನೂರು ಕೊಡ್ರಿ ಕಾಕಾ, ನಿಮ್ಮ ಸಲುವಾಗಿ” ಎಂದ. ಮೂರು ಆಳುಗಳು ಏದುಸಿರು ಬಿಡುತ್ತ, ಎರಡು ಕಡೆ ಇಳಿಸಿ ದಣಿವಾರಿಸಿಕೊಂಡು ಅದನ್ನು ಒಯ್ದರು. “ಭಾಳ ಹಗುರದ್ರಿ” ಎಂದು ಸಮೀರ ನನಗೆ ಸಮಾಧಾನ ಹೇಳಿದ. ನಾನೂ ಗೆದ್ದೆನೆಂದೇ ತಿಳಿದೆ.

ಗುರುವಾರ ಪುಣೆಯ ಮ್ಯಾಡಮ್ ಬಂದರು. ಹಸಿರು ಫರಸಿ ನೋಡಿದರು, ಸಾಲಾಗಿ ನಿಂತ ಪಾತ್ರೆ ನೋಡಿದರು, ಮೇಲೆ ಬರೆದದ್ದೇನೆಂದು ಮರಾಠಿಯಲ್ಲಿ ಕೇಳಿದರು. ಮಹಾನಂದಾ ನಕ್ಕು, “ಆಮಚೆ ಲೋಕ್” ಎಂದಳು, ನಮ್ಮ ಮಂದಿ ಎಂದು. ಚಟ್ನಿ ಬಾಯಿಗಿಟ್ಟ ಮೇಲೆ ಮ್ಯಾಡಮ್ಮಿನ ಮೂಗಿನಲ್ಲಿ ನೀರು ಬಂತು, ಆರ್ಡರಿನ ಕಾಗದಕ್ಕೆ ಸಹಿ ಬಿತ್ತು. ಆಕೆ ಹೋದ ಮೇಲೆ ಮಹಾನಂದಾ ಖೋಲಿಯ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತಳು. ಅಷ್ಟು ನಿರಾಳವಾಗಿ ಆಕೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ತಿಂಗಳಾದ ಮೇಲೆ ಕೆಟ್ಟ ಮಿಕ್ಸರ್ ಒಂದನ್ನು ಸಾಗಿಸುವ ರೇಟು ಕೇಳಲು ಹೋಟಗಿಗೆ ಸಮೀರನ ಆಫೀಸಿಗೆ ಹೋದೆ. “ಬರ್ರಿ ಕಾಕಾ, ಕೂಡ್ರಿ” ಎಂದ. ಕೂತೆ. ಕೂತ ಮೇಲೆ ಬೆನ್ನಿಗೆ ಏನೋ ಗುರುತು ಹತ್ತಿದಂತಾಯಿತು. ಬೆಂಚಿಗೆ ಹೊಸ ಪಾಲಿಶು ಬಂದಿತ್ತು. ಕೈ ತಾನಾಗಿಯೇ ಹಲಗೆಯ ಕೆಳಗೆ ಹೋಯಿತು, ಬೆರಳಿಗೆ ನನ್ನ ಹೆಸರು ಸಿಕ್ಕಿತು. ಅಕ್ಷರ ಇನ್ನೂ ಚಂದವಾಗಿಯೇ ಇದ್ದವು. ಸಮೀರ ಬೇರೊಬ್ಬ ಗಿರಾಕಿಗೆ ಹೇಳುತ್ತಿದ್ದ, “ಅಸಲಿ ಸಾಗವಾನಿ ಅದ್ರಿ. ಎತ್ತಿ ನೋಡ್ರಿ, ವಜನ್ ನೋಡ್ರಿ!” ಆ ಗಿರಾಕಿ ಹನ್ನೆರಡು ಸಾವಿರಕ್ಕೆ ಕೇಳಿದರೂ ಸಮೀರ ಕೊಡಲಿಲ್ಲವಂತೆ. “ಅವತ್ತ ಯಾಕ ಹೇಳಲಿಲ್ಲೋ?” ಎಂದೆ. “ನೀವ ಗೆದ್ದಲ ಅಂದ್ರೆಲ್ಲ ಕಾಕಾ. ದೊಡ್ಡವರ ಮಾತು ಹ್ಯಾಂಗ ಸುಳ್ಳ ಮಾಡ್ಲಿ?” ಎಂದು ಚಹಾ ತರಿಸಿದ. ಬಿರಪ್ಪ ಮಾಮಾನಾಗಿದ್ದರೆ ಅಲ್ಲೇ ಕಿಸೆಗೆ ಕೈ ಹಾಕಿ ತನ್ನ ಹೆಸರನ್ನು ಬಿಡಿಸಿಕೊಳ್ಳುತ್ತಿದ್ದ. ನನ್ನ ಕೈಯೂ ಕಿಸೆಯ ತನಕ ಹೋಗಿತ್ತು. ತಂದು ಎಲ್ಲಿಡುವುದು? ಇಡುವ ಜಾಗದಲ್ಲಿ ಈಗ ಮಹಾನಂದಾ ಕಾಲು ಚಾಚಿ ಕೂಡುತ್ತಾಳೆ. ಕೈ ಹೊರಗೆ ತೆಗೆದು ಚಹಾ ಕುಡಿದೆ.

ಮನೆಗೆ ಬಂದಾಗ ಮಹಾನಂದಾ ರೇಟು ಎಷ್ಟಂತೆ ಎಂದು ಕೇಳಿದಳು. ಇನ್ನೊಮ್ಮೆ ಹೋಗಿ ಕೇಳಬೇಕು ಎಂದೆ. ಅಂದಿನಿಂದ ಪ್ರತಿ ಶನಿವಾರ ಕೇಳಲು ಹೋಗುತ್ತಿದ್ದೇನೆ. ಒಂದು ಮಿಕ್ಸರಿನ ರೇಟು ಮೂರು ತಿಂಗಳಾದರೂ ತಿಳಿಯಲಿಲ್ಲವೇ ಎಂದು ಆಕೆ ಒಂದು ಸಲವೂ ಕೇಳಲಿಲ್ಲ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ. ಹೋದ ಶನಿವಾರ ಚಪ್ಪಲಿ ಮೆಟ್ಟುತ್ತಿದ್ದಾಗ ಆಕೆ ಒಳಗಿನಿಂದ ಮಡಿಸಿದ ಒಂದು ಚಾದರ ತಂದು ನನ್ನ ಹೆಗಲ ಮೇಲೆ ಹಾಕಿದಳು. “ಬೆಂಚಿನ ಮ್ಯಾಲ ಹಾಸ್ಕೊಂಡು ಕೂಡ್ರಿ” ಎಂದಳು, “ಬರೇ ಕಟ್ಟಿಗಿ ಒತ್ತತದ.”